ಇಡ್ಲಿ ಮೋಟರ್ ಇಳಿಸಿದ ಮೇಲೆ

ಉಕ್ಕಿಗೆ ಟೂಲ್ ತಾಗಿದರೆ ಸಾಕು, ಲೋಹ ಕಡೆಯುವ ನನ್ನ ಲೇಥ್ ನಿಂತೇ ಬಿಡುತ್ತಿತ್ತು. ಹಿತ್ತಾಳೆ ಕಡೆಯುತ್ತಿತ್ತು, ಅಲ್ಯೂಮಿನಿಯಂ ಕಡೆಯುತ್ತಿತ್ತು, ನೈಲಾನ್ ಬುಷ್‌ಗಳನ್ನಂತೂ ಕೇಳುವುದೇ ಬೇಡ. ಆದರೆ ಶಹಾಪುರದಲ್ಲಿ ನೈಲಾನ್ ಬುಷ್ ಹುಡುಕಿಕೊಂಡು ಯಾರು ಬರುತ್ತಾರೆ? ಬರುವವರು ತರುವುದು ಟ್ರ್ಯಾಕ್ಟರಿನ ಪಿನ್ನು, ಪಂಪಿನ ಶಾಫ್ಟು, ಗಿರಣಿಯ ರೋಲರ್ರು. ಎಲ್ಲ ಉಕ್ಕು. ಅವರಿಗೆಲ್ಲ ‘ಮುಂದಿನ ಅಂಗಡಿಗೆ ಹೋಗ್ರಿ’ ಎಂದು ಹೇಳಿ ಹೇಳಿ ನನಗೆ ನನ್ನ ಮೇಲೆಯೇ ಸಿಟ್ಟು ಬಂದಿತ್ತು. ಮೊದಲೇ ನನ್ನದು ಮೂಗಿನ ತುದಿಯ ಸಿಟ್ಟು.

ಈ ಲೇಥನ್ನು ಕಟ್ಟಿದವನು ನಾನೇ. ಲಕ್ವಾ ಹೊಡೆದು ಬಲಗೈಯ ಬೆರಳುಗಳು ಅರ್ಧ ಸತ್ತಂತಾದ ಮೇಲೆ ಹ್ಯಾಂಡಲ್ ತಿರುಗಿಸುವ ಕೆಲಸ ನನ್ನಿಂದ ಆಗದಾಯಿತು. ಕೂದಲೆಳೆಯಷ್ಟು ತಿರುಗಿಸಬೇಕಾದ ಕಡೆ ಕೈ ಬೆರಳಿನಷ್ಟು ತಿರುಗಿಸಿಬಿಡುತ್ತಿತ್ತು, ಕಡೆಯಲು ಕಟ್ಟಿದ ಜಾಬ್ ಎಲ್ಲ ಹಾಳು. ಆಗ ಹಳೆಯ ಲೇಥಿನ ಬೆಡ್, ಅಂದರೆ ಉದ್ದನೆಯ ಬೀಡಿನ ತಳ, ಅದಷ್ಟನ್ನೇ ಇಟ್ಟುಕೊಂಡು ಉಳಿದಿದ್ದನ್ನೆಲ್ಲ ಬಿಚ್ಚಿದೆ. ಉದ್ದಕ್ಕೆ ಒಂದು, ಅಡ್ಡಕ್ಕೆ ಒಂದು, ಎರಡು ಸ್ಕ್ರೂ ಹಾಕಿ, ಹೇಳಿದಷ್ಟೇ ತಿರುಗಿ ನಿಲ್ಲುವ ಸಣ್ಣ ಮೋಟರ್‌ಗಳನ್ನು ಅವುಗಳಿಗೆ ಕಟ್ಟಿ, ಒಂದು ಹಳೆಯ ಲ್ಯಾಪ್‌ಟಾಪಿಗೆ ಜೋಡಿಸಿದೆ. ಇನ್ನು ಮೇಲೆ ಹ್ಯಾಂಡಲ್ ತಿರುಗಿಸುವುದು ಕಂಪ್ಯೂಟರ್. ಎಷ್ಟು ತಿರುಗಿಸಬೇಕು ಎಂದು ಹೇಳುವುದು ನಾನು. ಎಡಗೈಯ ಒಂದು ಬೆರಳು ಸಾಕು.

ನಾನು ಸಿಕ್ಕಿಬಿದ್ದದ್ದು ಸ್ಪಿಂಡಲ್ ಮೋಟರಿನಲ್ಲಿ. ಜಾಬ್ ಹಿಡಿದ ಚಕ್ಕನ್ನು ಗರಗರ ತಿರುಗಿಸುವ ಮುಖ್ಯ ಮೋಟರ್ ಅದು. ಬಾಗಿಲು ಮುಚ್ಚಿದ ಹೋಟೆಲೊಂದರ ಹಿಟ್ಟು ರುಬ್ಬುವ ಗ್ರೈಂಡರಿನಿಂದ ಬಿಚ್ಚಿ ತಂದ ಅರ್ಧ ಎಚ್‌ಪಿಯ ಮೋಟರನ್ನು ಹಾಕಿದ್ದೆ. ನನ್ನ ಹೆಂಡತಿ ಯಂತ್ರಕ್ಕೆ ‘ಇಡ್ಲಿ ಮಷೀನ್’ ಎಂದೇ ಹೆಸರಿಟ್ಟಿದ್ದಳು. ಯಾರಾದರೂ ಬಂದರೆ ಒಳಗಿನಿಂದಲೇ, “ಸಾಹೇಬ್ರು ಇಡ್ಲಿ ಮಷೀನ್ ಮುಂದ ಕುಂತಾರ, ಹೋಗ್ರಿ” ಎನ್ನುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು, ಆದರೆ ಸುಳ್ಳಂತೂ ಅಲ್ಲವಲ್ಲ.

ಅವಳ ಅಣ್ಣನದು ಯಾದಗಿರಿಯಲ್ಲಿ ಗೊಬ್ಬರದ ಅಂಗಡಿ. ಗಲ್ಲೆಯ ಮೇಲೆ ನಂಬಿಕಸ್ಥನೊಬ್ಬ ಬೇಕಿತ್ತು, ನನ್ನನ್ನು ಕರೆದಿದ್ದ. ಅಮಾವಾಸ್ಯೆಯ ಅಂಗಡಿ ಪೂಜೆಯ ಹೊತ್ತಿಗೆ ನೀವು ಬರುತ್ತೀರೋ ಇಲ್ಲವೋ ಹೇಳಿಬಿಡಿ, ಇಲ್ಲದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇನೆ ಎಂದಿದ್ದ. ಒಳ್ಳೆಯ ಮನುಷ್ಯ, ಒಳ್ಳೆಯ ಮಾತು. ಆದರೆ ಅಲ್ಲಿ ಹೋಗಿ ಕುಳಿತ ದಿನ ನಾನು ಟರ್ನರ್ ಅಲ್ಲ ಎಂದು ಒಪ್ಪಿಕೊಂಡಂತೆ. ಹೆಂಡತಿಗೆ ಹೇಳಿದೆ: “ಒಂದು ದೊಡ್ಡ ಮೋಟರ್ ಹಾಕ್ತೀನಿ. ಉಕ್ಕು ಕಡದ್ರ ಇಲ್ಲೇ ಇರ್ತೀನಿ. ಕಡೀಲಿಲ್ಲಂದ್ರ ಇದನ್ನ ಗುಜರಿಗಿ ಹಾಕಿ ಸೀದಾ ಯಾದಗಿರಿಗಿ ಹೋಗೋದು.”

“ನೀವ ಹೇಳೀರಿ ನೋಡ್ರಿ, ನಾ ಅಲ್ಲ,” ಎಂದಳು. ಅವತ್ತು ಅವಳು ತಮಾಷೆ ಮಾಡಲಿಲ್ಲ.

ವನದುರ್ಗದ ರೈತರೊಬ್ಬರ ಮೇವು ಕತ್ತರಿಸುವ ಯಂತ್ರದ ಮೋಟರ್ ಸುಟ್ಟು ಮೂಲೆಗೆ ಬಿದ್ದಿತ್ತು. ಎರಡು ಎಚ್‌ಪಿ, ಮೂರು ಫೇಸ್, ಬೀಡಿನ ಮೈ. ಬೇರಿಂಗ್ ಕೂರುವ ಜಾಗಗಳು ನೆಟ್ಟಗಿದ್ದವು, ಅದನ್ನೇ ಮನೆಗೆ ತಂದೆ. ನಮ್ಮ ಮನೆಗೆ ಮೂರು ಫೇಸ್ ಕರೆಂಟ್ ಇಲ್ಲ. ಅದಕ್ಕೆ ಡ್ರೈವ್ ಎಂಬ ಪೆಟ್ಟಿಗೆ ಇದೆ. ಒಂದು ಕಡೆಯಿಂದ ಮನೆಯ ಸಾದಾ ಲೈನ್ ತೆಗೆದುಕೊಂಡು ಇನ್ನೊಂದು ಕಡೆಯಿಂದ ಮೂರು ಫೇಸ್ ಕೊಡುತ್ತದೆ; ಜೊತೆಗೆ ವೇಗವನ್ನೂ ಬೇಕಾದಂತೆ ಏರಿಸಿ ಇಳಿಸುತ್ತದೆ. ಅದನ್ನು ತರಿಸಿದೆ. ಸುಟ್ಟ ತಂತಿ ತೆಗೆದು ಹೊಸದು ಸುತ್ತಿಸಲು, ಅಂದರೆ ವೈಂಡಿಂಗ್‌ಗೆ, ಮೋಟರನ್ನು ಹುಣಸಗಿಗೆ ಕಳಿಸಿದೆ.

ಹುಣಸಗಿಯಲ್ಲಿ ಮೋಟರ್ ಕಟ್ಟುವವಳು ಒಬ್ಬ ಹೆಣ್ಣುಮಗಳು. ಅಪ್ಪನಿಂದ ಕಲಿತದ್ದು. ಕಾಲುವೆಯ ಕೊನೆಯ ಹೊಲಗಳವರೆಗೂ ಅವಳು ಕಟ್ಟಿದ ಪಂಪುಗಳೇ ನೀರೆತ್ತುತ್ತವೆ. ನನ್ನ ಕೈ ಚೆನ್ನಾಗಿದ್ದಾಗ ಸವೆದ ಪಂಪ್ ಶಾಫ್ಟುಗಳನ್ನೆಲ್ಲ ನನಗೇ ಕಳಿಸುತ್ತಿದ್ದಳು. ಲಕ್ವಾ ಆದ ಮೇಲೆ ಸುರಪುರದ ಅಂಗಡಿಗೆ ಕಳಿಸುತ್ತಿದ್ದಳು. ಅದಕ್ಕೆ ನಾನು ಬೇಸರ ಮಾಡಿಕೊಂಡಿರಲಿಲ್ಲ ಎಂದರೆ ಸುಳ್ಳು. ನಾಟಿಯ ಕಾಲ, ಅವಳ ಅಂಗಡಿಯ ಮುಂದೆ ಮೋಟರ್‌ಗಳ ಗುಡ್ಡೆ. ಆದರೂ ನನ್ನದನ್ನು ಮೊದಲು ಕಟ್ಟಿ, ಮೈಮೇಲೆ ವಿಭೂತಿ ಎಳೆದು ಬಸ್ಸಿಗೆ ಹಾಕಿದಳು.

ಹೊಸ ಮೋಟರಿನ ಶಾಫ್ಟಿಗೆ ಬೆಲ್ಟ್ ಓಡುವ ಹಳೆಯ ಪುಲ್ಲಿ ಕೂರಲಿಲ್ಲ. ಅಲ್ಯೂಮಿನಿಯಂ ಗಟ್ಟಿ ತಂದು ಹೊಸದನ್ನು ಕಡೆಯಬೇಕಾಯಿತು. ಕಡೆದದ್ದು ಯಾರು? ಅದೇ ಇಡ್ಲಿ ಮೋಟರ್. ತನ್ನ ಜಾಗಕ್ಕೆ ಬರುವವನಿಗೆ ತಾನೇ ಪುಲ್ಲಿ ಮಾಡಿಕೊಟ್ಟು ಇಳಿಯಿತು. ಯಂತ್ರವೊಂದು ತನ್ನ ಬಲ ಹೆಚ್ಚಿಸಿಕೊಳ್ಳಲು ಬೇಕಾದ ಸಾಮಾನನ್ನು ತಾನೇ ಮಾಡಿಕೊಳ್ಳುತ್ತದಲ್ಲ! ನಲವತ್ತು ಸಲ ನೋಡಿದರೂ ನನಗೆ ಆ ವಿಷಯ ಹಳತಾಗುವುದಿಲ್ಲ. ಅವತ್ತು ಬೆಳ್ಳಗೆ ಸುರುಳಿ ಸುರುಳಿಯಾಗಿ ಬೀಳುವ ಚೂರುಗಳನ್ನು ನೋಡುತ್ತ ಕೂತವನಿಗೆ ಚಹಾ ತಣ್ಣಗಾದದ್ದು ಗೊತ್ತಾಗಲಿಲ್ಲ.

ಮೋಟರ್ ಕೂರಿಸಲು ದಪ್ಪ ತಗಡಿನ ಪೀಠ ಮಾಡಿಸಿ, ಬೆಲ್ಟ್ ಬಿಗಿ ಮಾಡಲು ಉದ್ದನೆಯ ತೂತುಗಳನ್ನು ಕೊರೆಸಿದೆ. ಎರಡು ಪುಲ್ಲಿಗಳ ಮುಖಕ್ಕೂ ದಾರ ಹಿಡಿದು, ದಾರ ಎಲ್ಲ ಕಡೆ ತಾಗುವವರೆಗೆ ಮೋಟರನ್ನು ಸರಿಸಿದೆ. ಡ್ರೈವ್ ಶುರು ಮಾಡಿದರೆ ಮೊದಲ ಕಿರಿಕಿರಿ: ಸ್ಪಿಂಡಲ್ ತಿರುಗಿದ ಕೂಡಲೇ ಟೂಲ್ ಹೊತ್ತು ಓಡಾಡುವ ಕ್ಯಾರೇಜ್ ನಿಂತು, ‘ಕೊನೆ ಮುಟ್ಟಿದೆ’ ಎಂದು ಕಂಪ್ಯೂಟರ್ ಸುಳ್ಳು ಹೇಳತೊಡಗಿತು. ಕೊನೆ ಎಲ್ಲಿ, ಕ್ಯಾರೇಜ್ ಎಲ್ಲಿ! ಡ್ರೈವಿನಿಂದ ಹೊರಟ ಕರೆಂಟಿನ ಗದ್ದಲ ಪಕ್ಕದ ತೆಳು ಸಿಗ್ನಲ್ ವೈರುಗಳಿಗೆ ನುಗ್ಗುತ್ತಿತ್ತು. ಮೋಟರಿನ ವೈರನ್ನು ಬೇರೆ ದಾರಿಯಿಂದ ಒಯ್ದೆ, ಸಿಗ್ನಲ್ಲಿಗೆ ಜಾಲರಿ ಸುತ್ತಿದ ವೈರ್ ಹಾಕಿದೆ, ಹಿತ್ತಲಲ್ಲಿ ಗುಂಡಿ ತೋಡಿ ಉಪ್ಪು ಇದ್ದಿಲು ತುಂಬಿ ಅರ್ಥಿಂಗ್ ಮಾಡಿದೆ. ಹೆಂಡತಿ ಆ ಗುಂಡಿಗೆ ಕೊಡದಿಂದ ನೀರು ಹೊಯ್ಯುತ್ತ, “ಗಿಡಕ್ಕ ಹಾಕಿದ್ರ ನಿಂಬಿಕಾಯಿರ ಬರ್ತಿದ್ದು,” ಎಂದಳು. ಸುಳ್ಳು ಸಿಗ್ನಲ್ ನಿಂತಿತು.

ಆಮೇಲೆ ಚಕ್ಕಿಗೆ ಉಕ್ಕಿನ ಸಲಾಕೆ ಕಟ್ಟಿದೆ. ಮೋಟರ್ ಖಾಲಿ ತಿರುಗುವಾಗ ಅದೇನು ಠೀವಿ, ಅದೇನು ಸದ್ದಿಲ್ಲದ ಓಟ! ಟೂಲ್ ಮುಂದೆ ಬಂತು, ಉಕ್ಕಿಗೆ ತಾಗಿತು, ಮೋಟರ್ ‘ಊಂ’ ಎಂದು ನಿಂತಿತು.

ನಾನು ಬೆಲ್ಟ್ ಬಿಗಿ ಮಾಡಿದೆ. ಹೊಸ ಟೂಲ್ ಹಾಕಿದೆ. ಕಡೆಯುವ ಆಳ ಅರ್ಧ ಮಾಡಿದೆ, ಕಾಲು ಮಾಡಿದೆ. ಕೊನೆಗೆ ಕೆರೆದಂತೆ ಮಾಡುವಷ್ಟು ತೆಳ್ಳಗೆ ಇಟ್ಟರೆ ಕಡೆಯಿತು. ಅಷ್ಟನ್ನು ಇಡ್ಲಿ ಮೋಟರೂ ಮಾಡುತ್ತಿತ್ತೇನೋ. ಎರಡು ಎಚ್‌ಪಿ ಎಲ್ಲಿ ಹೋಯಿತು? ಮೋಟರ್ ಮೇಲೆ ಎಡಗೈ ಇಟ್ಟು ನೋಡಿದೆ, ತಣ್ಣಗಿತ್ತು. ದುಡಿದ ಮೋಟರ್ ಬಿಸಿಯಾಗಬೇಕು. ಇದು ದುಡಿಯುತ್ತಲೇ ಇಲ್ಲ. ತಲೆ ಕೆಟ್ಟು ಸ್ಪ್ಯಾನರ್ ಎತ್ತಿ ಒಗೆದೆ, ಅದು ಹೋಗಿ ಮೂಲೆಯ ಡಬ್ಬಿಗೆ ಬಡಿಯಿತು. ಅಮಾವಾಸ್ಯೆ ಹತ್ತಿರ ಬಂದಿತ್ತು.

ಹುಣಸಗಿಗೆ ಫೋನ್ ಮಾಡಿದೆ. “ತಂಗೀ, ನಿನ್ನ ಮೋಟರ್‌ದಾಗ ತಾಕತ್ತಿಲ್ಲ,” ಎಂದುಬಿಟ್ಟೆ.

“ಅಣ್ಣಾ, ಇಲ್ಲೀ ತನಕ ನನಗ ಯಾರೂ ಹಂಗ ಅಂದಿಲ್ಲ. ನಾಳೆ ಬರ್ತೀನಿ, ಮೋಟರ್ ಮುಟ್ಟಬ್ಯಾಡ್ರಿ,” ಎಂದಳು.

ಮರುದಿನ ಬೆಳಗಿನ ಬಸ್ಸಿಗೇ ಬಂದಳು. ಹೆಗಲಿಗೆ ಚೀಲ, ಚೀಲದಲ್ಲಿ ಟೆಸ್ಟ್ ಲ್ಯಾಂಪು, ಬಿದಿರಿನ ಸೀಳುಗಳು, ವಾರ್ನಿಷ್ ಡಬ್ಬಿ, ಹಳೆಯ ಬಟ್ಟೆಯಲ್ಲಿ ಸುತ್ತಿದ ಒಂದು ಸವೆದ ಪಂಪ್ ಶಾಫ್ಟ್. “ಮಷೀನ್ ಕೆಲಸ ಮಾಡಿದ್ರ ಇಂಥಾದ್ದ ಹೊಸಾದು ಮಾಡಿಕೊಡ್ರಿ. ಇಲ್ಲಂದ್ರ ಹೋಗೂವಾಗ ಸುರಪುರದಾಗ ಕೊಟ್ಟು ಹೋಗ್ತೀನಿ,” ಎಂದಳು. ನೆಟ್ಟಗೆ ಮುಖಕ್ಕೆ ಹೇಳುವ ಹೆಣ್ಣು. ಹೆಂಡತಿ ಕೊಟ್ಟ ಚಹಾ ನಿಂತುಕೊಂಡೇ ಕುಡಿದಳು.

ಮೋಟರ್ ತಿರುಗಿಸಿ ತೋರಿಸಿದೆ, ಉಕ್ಕಿಗೆ ತಾಗಿಸಿ ನಿಲ್ಲಿಸಿ ತೋರಿಸಿದೆ. ಅವಳು ಕಿವಿಗೊಟ್ಟು ಕೇಳಿದಳು. “ಮೋಟರ್ ಹಸದೈತಿ,” ಎಂದಳು. “ಇದಕ್ಕ ಎಷ್ಟು ವೋಲ್ಟ್ ಕೊಡಾಕತ್ತೀರಿ?”

“ಡ್ರೈವ್ ಎಷ್ಟು ಕೊಡ್ತದೋ ಅಷ್ಟು. ಇನ್ನೂರಾ ಮೂವತ್ತು.”

ಅವಳು ಕಪ್ಪನ್ನು ಕೆಳಗಿಟ್ಟಳು. “ಇನ್ನೂರಾ ಮೂವತ್ತಾ? ನಾ ನಾಕನೂರಾ ಹದಿನೈದಕ್ಕ ಕಟ್ಟೀನಲ್ರೀ ಅಣ್ಣಾ!”

ಅಷ್ಟೇ. ಮೂರು ಫೇಸ್, ಎರಡು ಎಚ್‌ಪಿ ಎಂದಷ್ಟೇ ನಾನು ಹೇಳಿ ಕಳಿಸಿದ್ದೆ. ಡ್ರೈವಿನ ಮಾತು ಎತ್ತಿರಲಿಲ್ಲ. ಅವಳು ಎಲ್ಲ ಪಂಪುಗಳಿಗೆ ಮಾಡುವಂತೆಯೇ ಮಾಡಿದ್ದಳು. ಮೋಟರಿನೊಳಗೆ ಮೂರು ಸುರುಳಿ ಇರುತ್ತವೆ, ಆರು ತುದಿ. ಮೂರು ತುದಿಗಳನ್ನು ಒಂದೇ ಕಡೆ ಗಂಟು ಹಾಕಿ ಉಳಿದ ಮೂರಕ್ಕೆ ಕರೆಂಟ್ ಕೊಟ್ಟರೆ ಅದು ಸ್ಟಾರ್. ಒಂದರ ತುದಿ ಇನ್ನೊಂದರ ತಲೆಗೆ ಸೇರಿಸಿ ತ್ರಿಕೋನದಂತೆ ಕಟ್ಟಿದರೆ ಅದು ಡೆಲ್ಟಾ. ಹೊಲದ ದೊಡ್ಡ ವೋಲ್ಟೇಜಿಗೆ ಸ್ಟಾರ್ ಸರಿ. ನನ್ನ ಡ್ರೈವಿನ ಸಣ್ಣ ವೋಲ್ಟೇಜು ಸ್ಟಾರ್ ಗಂಟಿನಲ್ಲಿ ಹಂಚಿಹೋಗಿ, ಒಂದೊಂದು ಸುರುಳಿಗೂ ಬೇಕಾದ್ದರಲ್ಲಿ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಸಿಗುತ್ತಿತ್ತು. ಡೆಲ್ಟಾ ಮಾಡಿದರೆ ಪೂರ್ತಿ ಸಿಗುತ್ತದೆ. ಅದಕ್ಕೆ ಆರೂ ತುದಿ ಹೊರಗೆ ಬೇಕು. ಹೊರಗೆ ಇದ್ದದ್ದು ಮೂರು. ಗಂಟು ಒಳಗೆ, ದಾರ ಬಿಗಿದು ವಾರ್ನಿಷ್ ಹಾಕಿ ಬೇಯಿಸಿಬಿಟ್ಟಿದ್ದಳು.

“ಆರೂ ಯಾಕ ಹೊರಗ ಬಿಡಂಗಿಲ್ಲ ನೀನು?” ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

“ಕೆಸರಾಗ ನಿಂತು, ಒಂದು ಕೈಯಾಗ ಬ್ಯಾಟರಿ ಹಿಡಕೊಂಡು ಆರು ವೈರ್ ಯಾರು ಬರಾಬ್ಬರ್ ಜೋಡಸ್ತಾರ್ರಿ? ಮೊದಲ ಆರೂ ಬಿಡ್ತಿದ್ದ ನಮ್ಮಪ್ಪ. ಹಚ್ಚಿದ ದಿನಾನ ಸುಟ್ಟು ವಾಪಸ್ ಬರ್ತಿದ್ದು. ಮೂರು ಬಿಟ್ರ ಹ್ಯಾಂಗ ಹಚ್ಚಿದ್ರೂ ಸುಡಂಗಿಲ್ಲ. ಬಹಳಂದ್ರ ಉಲ್ಟಾ ತಿರಗತೈತಿ.”

ಒಂದು ಸೀಮೆಯ ರೈತರು ಬೆಳೆ ಒಣಗಿಸಿಕೊಳ್ಳಬಾರದು ಎಂದು ಅಪ್ಪ ಮಗಳು ಹಾಕುತ್ತ ಬಂದ ಗಂಟು ಅದು. ನನ್ನ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ.

ಅವಳು ಎರಡು ದಾರಿ ಹೇಳಿದಳು. ಮೋಟರನ್ನು ಹುಣಸಗಿಗೆ ಒಯ್ದು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುವುದು; ಆದರೆ ನಾಟಿ ಮುಗಿಯುವವರೆಗೆ ಅವಳಿಗೆ ಉಸಿರಾಡಲು ಪುರಸೊತ್ತಿಲ್ಲ. ಇಲ್ಲವೆ ಇಲ್ಲೇ ಒಳಗಿನ ಗಂಟು ಅಗೆದು ತೆಗೆಯುವುದು. ಬೆಂದ ವಾರ್ನಿಷ್ ಗಾಜಿನಂತೆ ಗಟ್ಟಿ. ತಂತಿಯ ಮೇಲಿನ ತೆಳು ಪೊರೆ ಒಂದು ಕಡೆ ಕೆರೆದರೂ ಕರೆಂಟ್ ಕೊಟ್ಟ ಕ್ಷಣ ಇಡೀ ಸುರುಳಿ ಹೊಗೆ.

“ಸುಟ್ರ?” ಎಂದು ಹೆಂಡತಿ ನನ್ನನ್ನು ನೋಡಿದಳು.

“ಸುಟ್ರ ಯಾದಗಿರಿ,” ಎಂದೆ. “ತೆಗಿ ತಂಗಿ, ಇಲ್ಲೇ ತೆಗಿ.”

ಮುಚ್ಚಳ ಬಿಚ್ಚಿ ಒಳಗೆ ತಿರುಗುವ ರೋಟರ್ ಎಳೆದು ಹೊರಗಿಟ್ಟೆವು. ಒಳಗೆ ತಾಮ್ರದ ತಂತಿಗಳು ಜೇನು ಬಣ್ಣದ ವಾರ್ನಿಷ್ ಕೆಳಗೆ ಸಾಲು ಸಾಲಾಗಿ ಮಲಗಿದ್ದವು. ಒಂದೊಂದು ಸುತ್ತನ್ನೂ ಕೈಯಿಂದಲೇ ಕೂರಿಸಿದ್ದಾಳೆ, ಒಂದರ ಮೇಲೊಂದು ಹತ್ತಿಲ್ಲ, ಒಂದೂ ಸಡಿಲವಿಲ್ಲ. ಜೀವಮಾನವಿಡೀ ಮೋಟರ್ ಬಳಸಿದವನು ನಾನು. ಒಳಗೆ ಇಷ್ಟು ಚೆಂದ ಇರುತ್ತದೆ ಎಂದು ನಿಂತು ನೋಡಿದ್ದು ಅವತ್ತೇ. ಇದನ್ನು ಕೆದಕಬೇಕಲ್ಲ!

ಅವಳಿಗೆ ಗಂಟು ಎಲ್ಲಿದೆ ಎಂದು ಗೊತ್ತಿತ್ತು, ಯಾವಾಗಲೂ ಒಂದೇ ಕಡೆ ಇಡುತ್ತಾಳಂತೆ. ನಾನು ಎಡಗೈಯಲ್ಲಿ ಬಿಸಿಗಾಳಿಯ ಗನ್ ಹಿಡಿದೆ. ಅವಳು ಥಿನ್ನರಿನಲ್ಲಿ ಅದ್ದಿದ ಬಟ್ಟೆ ಒತ್ತಿ, ವಾರ್ನಿಷ್ ಮೆತ್ತಗಾಗುವವರೆಗೆ ಕಾದು, ಬಿದಿರಿನ ಸೀಳಿನಿಂದ ಚೂರು ಚೂರೇ ಎಬ್ಬಿಸಿದಳು. ಕಬ್ಬಿಣದ ಯಾವ ಸಾಮಾನನ್ನೂ ಹತ್ತಿರ ತರಗೊಡಲಿಲ್ಲ, ನಾನು ಮರೆತು ಸ್ಕ್ರೂಡ್ರೈವರ್ ಚಾಚಿದ್ದಕ್ಕೆ, “ಏ ಅಣ್ಣಾ, ಅದನ್ನ ದೂರ ಒಗಿರಿ!” ಎಂದು ಗದರಿದಳು. ಬಿಸಿಲು ಏರಿತು. ಮೂವರೂ ಬೆವೆತೆವು. ದಾರ ಬಿಚ್ಚಿತು, ಗಂಟಿನ ಮೇಲೆ ಅಂಗಿಯ ತೋಳಿನಂತೆ ಏರಿಸಿದ್ದ ಕೊಳವೆ ಜಾರಿತು, ಒಳಗಿನಿಂದ ಮೂರು ತಂತಿಯ ಗಂಟು ಹೊಸ ತಾಮ್ರದ ಬಣ್ಣದಲ್ಲಿ ಫಳ್ ಎಂದು ಕಂಡಿತು. “ಬಂತ್ರಿ ಯಪ್ಪಾ!” ಎಂದು ಹೆಂಡತಿಯೇ ಮೊದಲು ಕೂಗಿದಳು.

ಗಂಟು ಬಿಡಿಸಿ, ಟೆಸ್ಟ್ ಲ್ಯಾಂಪ್ ಹಚ್ಚಿ ಯಾವ ತುದಿಯ ಜೋಡಿ ಯಾವುದು ಎಂದು ಗುರುತು ಮಾಡಿ, ಮೂರು ಹೊಸ ವೈರ್ ಬೆಸೆದು ಹೊರಗೆ ತಂದಳು. ಸುರುಳಿಗಳಿಗೆ ಮತ್ತೆ ದಾರ ಹೊಲಿಯಬೇಕು. ಅವಳ ಬೆರಳುಗಳು ಥಿನ್ನರಿಗೆ ಉರಿಯುತ್ತಿದ್ದವು. ಹೆಂಡತಿ ದಬ್ಬಳ ಇಸಿದುಕೊಂಡು, ಕೌದಿ ಹೊಲಿದ ಕೈ, ಪ್ರತಿ ಸುತ್ತಿಗೂ ಒಂದು ಬಿಗಿ ಹಾಕುತ್ತ ಹೊಲಿದೇ ಬಿಟ್ಟಳು. ವಾರ್ನಿಷ್ ಹೊಯ್ದು ಮಾಳಿಗೆಯ ಪರಸಿ ಕಲ್ಲಿನ ಮೇಲೆ ಬಿಸಿಲಿಗೆ ಇಟ್ಟೆವು. ನಮ್ಮ ಬಿಸಿಲಿಗೆ ಯಾವ ಒಲೆಯೂ ಬೇಕಿಲ್ಲ. ಅವಳು ಆ ದಿನ ನಮ್ಮಲ್ಲೇ ಉಳಿದಳು.

ಮರುದಿನ ಮಧ್ಯಾಹ್ನ ವಾರ್ನಿಷ್ ಅಂಟುವುದು ನಿಂತಿತ್ತು. ಸುರುಳಿಯಿಂದ ಮೈಗೆ ಕರೆಂಟ್ ಸೋರುತ್ತಿಲ್ಲ ಎಂದು ಸೋರಿಕೆ ಅಳೆಯುವ ಮೆಗ್ಗರ್ ಹೇಳಿತು. ಡೆಲ್ಟಾ ಕಟ್ಟಿದೆವು. ಡ್ರೈವಿನಲ್ಲಿ ಮೋಟರಿನ ಕರೆಂಟಿನ ಅಳತೆ ಬದಲಿಸಿದೆ. ಆತುರದಲ್ಲಿ, ನಿಲ್ಲಲು ತೆಗೆದುಕೊಳ್ಳುವ ಸಮಯವನ್ನು ಹಿಂದಿನಷ್ಟೇ ಕಡಿಮೆ ಬಿಟ್ಟೆ. ಬಟನ್ ಒತ್ತಿದೆ.

ಅಬ್ಬಾ! ಇದು ನಿನ್ನೆಯ ಮೋಟರೇ ಅಲ್ಲ. ಇಡೀ ಬೆಡ್ ಒಮ್ಮೆ ಮೈ ಕೊಡವಿದಂತಾಗಿ ಚಕ್ ವೇಗ ಹಿಡಿಯಿತು. ಹೊಗೆ ಇಲ್ಲ, ವಾಸನೆ ಇಲ್ಲ. ಖುಷಿಗೆ ನಿಲ್ಲಿಸುವ ಬಟನ್ ಒತ್ತಿದೆ. ಮೋಟರ್ ಸ್ಪಿಂಡಲನ್ನು ತಟ್ಟನೆ ಹಿಡಿದು ನಿಲ್ಲಿಸಿತು, ಆದರೆ ಅಷ್ಟು ಭಾರದ ಚಕ್ ನಿಲ್ಲಬೇಕಲ್ಲ? ನನ್ನ ಹಳೆಯ ಸ್ಪಿಂಡಲಿನಲ್ಲಿ ಚಕ್ ಕೂರುವುದು ಬರೀ ತಿರುಪಿನ ಮೇಲೆ, ಬಾಟಲಿಗೆ ಮುಚ್ಚಳ ಕೂರುವಂತೆ. ತಾನೇ ತಿರುಗಿ ಬಿಚ್ಚಿಕೊಂಡು ಮುಂದೆ ಬಂತು. “ಸರೀರಿ!” ಎಂದು ಹೆಂಡತಿ ನನ್ನ ಅಂಗಿ ಹಿಡಿದು ಎಳೆದಳು. ಚಕ್ ಬೆಡ್ಡಿನ ಮೇಲಿಟ್ಟ ಹಲಗೆಗೆ ದಡ್ ಎಂದು ಬಿತ್ತು, ಹಲಗೆ ಎರಡು ಹೋಳಾಯಿತು. ಮೊದಲು ನಕ್ಕವಳು ವೈಂಡಿಂಗ್ ತಂಗಿ. “ತಾಕತ್ತಿಲ್ಲ ಅಂದಿದ್ರಲ್ಲ, ಈಗ ಅನ್ರಿ ನೋಡೋಣು,” ಎಂದಳು.

ಚಕ್ಕಿನ ಹಿಂದೆ ಸ್ಪಿಂಡಲಿಗೆ ಕಚ್ಚಿಕೊಳ್ಳುವ ಎರಡು ಕ್ಲಾಂಪ್ ಬಿಗಿದೆ. ಚಕ್ ತಾನಾಗಿ ವೇಗ ಕಳೆದುಕೊಂಡು ನಿಲ್ಲುವಷ್ಟು ಸಮಯ ಕೊಟ್ಟೆ. ಆಮೇಲೆ ಉಕ್ಕಿನ ಹೊಸ ಸಲಾಕೆ ಕಟ್ಟಿ, ಅವಳು ತಂದ ಶಾಫ್ಟಿನ ಅಳತೆಗಳನ್ನು ಒಂದೊಂದಾಗಿ ಲ್ಯಾಪ್‌ಟಾಪಿಗೆ ಹೇಳಿದೆ.

ಟೂಲ್ ಮುಂದೆ ಬಂತು. ಉಕ್ಕಿಗೆ ತಾಗಿತು. ಮೋಟರಿನ ದನಿ ಒಂದೇ ಒಂದು ಎಳೆ ದಪ್ಪಗಾಯಿತು, ಅಷ್ಟೇ, ನಿಲ್ಲಲಿಲ್ಲ, ತಡವರಿಸಲಿಲ್ಲ. ಟೂಲಿನ ಮೂಗಿನಿಂದ ನೀಲಿ ಬಣ್ಣದ ಚೂರುಗಳು ಚಟ್ ಚಟ್ ಎಂದು ಸಿಡಿಯತೊಡಗಿದವು. ಅದರ ಹಿಂದೆ ಉಕ್ಕು ಬೆಳ್ಳಗೆ ಬಂತು, ಹೊಳೆಯುತ್ತ ಬಂತು, ತನ್ನೊಳಗೆ ಇಷ್ಟು ದಿನ ಅಡಗಿಸಿಟ್ಟುಕೊಂಡಿದ್ದ ಶಾಫ್ಟನ್ನು ತಾನೇ ಬಿಟ್ಟುಕೊಡುತ್ತಿರುವ ಹಾಗೆ. ಎಷ್ಟು ಸಾವಿರ ಶಾಫ್ಟ್ ಕಡೆದಿದ್ದೇನೋ ನಾನು. ಒಂದನ್ನೂ ಹೀಗೆ ಕೈಕಟ್ಟಿ ನಿಂತು ನೋಡಿರಲಿಲ್ಲ. ನನ್ನ ತಲೆಯಲ್ಲಿದ್ದ ಅಳತೆ ನನ್ನ ಬೆರಳುಗಳನ್ನು ಕೇಳದೆ ಉಕ್ಕಿಗೆ ಹೋಗಿ ಸೇರುತ್ತಿತ್ತು. ಕಣ್ಣು ತುಂಬಿ ಬಂತು. ನಾಚಿಕೆಯೇನೂ ಆಗಲಿಲ್ಲ.

ಮುಗಿದ ಶಾಫ್ಟನ್ನು ಒರೆಸಿ ವೈಂಡಿಂಗ್ ತಂಗಿಯ ಕೈಗೆ ಕೊಟ್ಟೆ. ಅಳತೆ ನೋಡಲೆಂದು ಮೈಕ್ರೋಮೀಟರ್ ಮುಂದೆ ಸರಿಸಿದರೆ ಮುಟ್ಟಲಿಲ್ಲ. ಚೀಲದಿಂದ ಹೊಸ ಬೇರಿಂಗ್ ತೆಗೆದು ಶಾಫ್ಟಿಗೆ ಏರಿಸಿದಳು. ಅರ್ಧಕ್ಕೆ ಬಂದು ನಿಂತಿತು. ಮರದ ಸುತ್ತಿಗೆಯಿಂದ ಎರಡು ಸಲ ಮೆಲ್ಲಗೆ ತಟ್ಟಿದಳು, ಕೂತಿತು. ಬೆರಳಿನಿಂದ ಬೇರಿಂಗ್ ತಿರುಗಿಸಿ ಕಿವಿಯ ಹತ್ತಿರ ಹಿಡಿದು ಬಹಳ ಹೊತ್ತು ಕೇಳಿದಳು.

“ಅಂಗಡ್ಯಾಗ ಇನ್ನೂ ಒಂದು ಚೀಲ ಬಿದ್ದಾವು ಅಣ್ಣಾ,” ಎಂದಳು. “ನಾಳೆ ಬಸ್ಸಿಗಿ ಹಾಕ್ತೀನಿ. ಜಲ್ದಿ ಮಾಡಿಕೊಡಬೇಕು ನೋಡ್ರಿ, ಮಂದಿ ಗದ್ದ್ಯಾಗ ನಿಂತಾರ.”

“ಕಳಸವ್ವ,” ಎಂದೆ.

ಅವಳನ್ನು ಬಸ್ಸಿಗೆ ಹತ್ತಿಸಿ ಬರುವಾಗ ಹೆಂಡತಿ ಬಾಗಿಲಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು. ಯಾದಗಿರಿಯ ಅಣ್ಣ. ನನ್ನನ್ನು ನೋಡಿಯೂ ದನಿ ತಗ್ಗಿಸಲಿಲ್ಲ. ಓಣಿಗೆಲ್ಲ ಕೇಳಲಿ ಎಂಬಂತೆ ಇನ್ನೂ ಒಂದಿಷ್ಟು ಎತ್ತರಿಸಿದಳು.

“ಇಲ್ಲಣ್ಣ, ಅವ್ರು ಬರಂಗಿಲ್ಲ. ನೀ ಬ್ಯಾರೇದವ್ರನ್ನ ನೋಡ್ಕೊ,” ಎಂದಳು. “ಅವ್ರಿಗಿ ಕೆಲಸ ಬಂದದ.”